ಟೇಲೆಂಡಿನ ಊರುಗಳು

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಮಾಲು ಇಳಿಸಿ ಕುಳಿತ ಇಬ್ಬರು ರೈತರ ನಡುವೆ ಮಾತು ಶುರುವಾದರೆ, ಊರು ಯಾವುದು ಎಂದು ಕೇಳಿದ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ನಿಮ್ಮ ಕಡಿ ನೀರು ಹೆಂಗರೀ?’ ಉತ್ತರ ಎಷ್ಟೋ ಸಲ ಒಂದೇ ಮಾತಿನಲ್ಲಿ ಮುಗಿಯುತ್ತದೆ: ‘ನಮ್ದು ಟೇಲೆಂಡ್ ರೀ.’ ಅಷ್ಟು ಕೇಳಿದವನಿಗೆ ಉಳಿದದ್ದೆಲ್ಲ ತಿಳಿದುಹೋಗುತ್ತದೆ. ಆ ಹೊಲಕ್ಕೆ ಕಾಲುವೆ ನೀರು ಹೆಸರಿಗೆ ಮಾತ್ರ ಇದೆ, ನಂಬಿಕೊಂಡು ಭತ್ತ ನಾಟಿ ಮಾಡುವಂತಿಲ್ಲ, ಲೀಜಿಗೆ ಕೊಟ್ಟರೆ ಎಕರೆಗೆ ಸಿಗುವ ಹಣ ಕಡಿಮೆ, ಎರಡನೇ ಬೆಳೆಯ ಮಾತಂತೂ ಎತ್ತುವುದೇ ಬೇಡ.

ಇಂಗ್ಲಿಷಿನಲ್ಲಿ ಇದು ತೀರ ಸಾಧಾರಣ ನುಡಿ. ವರ್ಷದ ಕೊನೆಯ ದಿನಗಳು, ಸಾಲಿನ ತುದಿ, ಮಳೆಗಾಲದ ಕೊನೆಯ ಹನಿಗಳು, ಯಾರದೋ ಮಾತಿನ ಕಡೆಯ ತುಣುಕು ಎಲ್ಲಕ್ಕೂ ಅಲ್ಲಿ ‘ಟೇಲ್ ಎಂಡ್’ ಸಾಕು. ಕ್ರಿಕೆಟ್ ನೋಡುವ ಕನ್ನಡಿಗರಿಗೆ ಹತ್ತು, ಹನ್ನೊಂದನೇ ಕ್ರಮಾಂಕದಲ್ಲಿ ಬ್ಯಾಟು ಹಿಡಿದು ಬರುವ ಬೌಲರನಿಗಿರುವ ‘ಟೇಲೆಂಡರ್’ ಎಂಬ ಹೆಸರಿನಿಂದ ಇದು ಪರಿಚಿತ. ಆದರೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಿಗೆ ಈ ನುಡಿ ಬಂದದ್ದು ಕ್ರೀಡಾಂಗಣದಿಂದಲೂ ಅಲ್ಲ, ಶಾಲೆಯ ಪಾಠದಿಂದಲೂ ಅಲ್ಲ. ಎಂಜಿನಿಯರುಗಳ ನಕಾಶೆಯ ಮೇಲೆ ಸವಾರಿ ಮಾಡಿಕೊಂಡು ಅದು ಇಲ್ಲಿಗೆ ಬಂತು.

ಬ್ರಿಟಿಷರು ಉತ್ತರ ಭಾರತದಲ್ಲಿ ದೊಡ್ಡ ಕಾಲುವೆಗಳನ್ನು ತೋಡಿಸಲು ಹೊರಟಾಗಲೇ ಕಾಲುವೆಗೊಂದು ತಲೆ, ಒಂದು ಬಾಲ ಎಂಬ ಪರಿಭಾಷೆ ಈ ದೇಶದಲ್ಲಿ ಬೇರುಬಿಟ್ಟಿತು. ಅಂಥ ಕೆಲಸಕ್ಕೆ ಆಳುಗಳನ್ನು ತಯಾರು ಮಾಡಲೆಂದೇ 1847ರಲ್ಲಿ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಪ್ರೋಬಿ ಕಾಟ್ಲಿ ಕಟ್ಟಿಸಿದ ಗಂಗಾ ಕಾಲುವೆಗೆ 1854ರಲ್ಲಿ ನೀರು ಬಿಟ್ಟರು. ನದಿಯಿಂದ ನೀರು ಒಳಬರುವ ಜಾಗ ‘ಹೆಡ್’, ಹರಿದು ಮುಗಿಯುವ ಜಾಗ ‘ಟೇಲ್’. ಪಂಜಾಬ್, ರಾಜಸ್ಥಾನದ ಹಳ್ಳಿಗರೂ ಇಂದು ಕಾಲುವೆಯ ಕೊನೆಯನ್ನು ‘ಟೇಲ್’ ಎಂದೇ ಕರೆಯುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ಆ ಮಾತಿಗೆ ಇಷ್ಟು ಭಾರ ಹೇಗೆ ಬಂತು ಎಂಬುದಕ್ಕೆ ಮಾತ್ರ ಇಲ್ಲಿಯದೇ ಆದ ಎಪ್ಪತ್ತು ವರ್ಷಗಳ ಕಥೆಯಿದೆ.

ಈ ನೆಲಕ್ಕೆ ಹೊರಗಿನ ನುಡಿಯೊಂದು ನೀರಿನ ಕಾರಣಕ್ಕೇ ಅಂಟಿದ್ದು ಇದೇ ಮೊದಲಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯನ್ನು ಚರಿತ್ರೆಯ ಪುಸ್ತಕಗಳು ‘ರಾಯಚೂರು ದೋಆಬ್’ ಎನ್ನುತ್ತವೆ. ದೋಆಬ್ ಎಂದರೆ ಪಾರಸಿಯಲ್ಲಿ ಎರಡು ನೀರು. ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದು ಇದೇ ರಾಯಚೂರು ಕೋಟೆಯ ಸಲುವಾಗಿ. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ನಡುಸೀಮೆಯ ಎರೆಭೂಮಿ ಮುಗಿಲನ್ನೇ ನೋಡಿ ಬಿತ್ತುತ್ತಿತ್ತು. ಬಿಳಿಜೋಳ, ಹತ್ತಿ, ತೊಗರಿ, ಕಡಲೆ ಇಲ್ಲಿಯ ಬೆಳೆ. ಮಳೆ ಕೈಕೊಟ್ಟ ವರ್ಷ ಬರ. 1876ರಿಂದ 78ರವರೆಗಿನ ಮಹಾಬರ ಈ ಸೀಮೆಯನ್ನು ಹಿಂಡಿ ಹಾಕಿತು.

ಆಗಲೂ ಕಾಲುವೆಗಳಿದ್ದವು. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟೆ ಹಾಕಿ ತೆಗೆದ ಕಾಲುವೆಗಳು ಆನೆಗೊಂದಿ, ಗಂಗಾವತಿಯ ಕಡೆ ಇಂದಿಗೂ ಹರಿಯುತ್ತಿವೆ. ಅದೇ ಸಾಲಿಗೆ ಸೇರಿದ ಬಿಚ್ಚಾಲ್ ಕಾಲುವೆ ರಾಯಚೂರು ತಾಲ್ಲೂಕಿನಲ್ಲೇ ಇದೆ. ಅವು ಹೊಳೆಯ ಮಗ್ಗುಲಲ್ಲೇ ಸಾಗುವ ಮೋಟು ಕಾಲುವೆಗಳು. ಅಂಥ ಕಡೆ ಕೊನೆಯ ಹೊಲದವನಿಗೆ ನೀರು ಬರಲಿಲ್ಲವೆಂದರೆ ಅವನು ನಡೆದುಕೊಂಡೇ ಮೇಲಕ್ಕೆ ಹೋಗಿ, ನೀರು ತಿರುಗಿಸಿಕೊಂಡವನನ್ನು ಹೆಸರು ಹಿಡಿದು ಕೇಳಬಹುದಿತ್ತು. ಜಗಳ ಆಗುತ್ತಿರಲಿಲ್ಲವೆಂದಲ್ಲ. ಜಗಳ ಆಡಬೇಕಾದವನು ಕಣ್ಣೆದುರೇ ಇರುತ್ತಿದ್ದ.

ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಕಟ್ಟುವ ಯೋಚನೆ ಮೊದಲು ಮೂಡಿದ್ದು 1860ರಲ್ಲಿ, ಸರ್ ಆರ್ಥರ್ ಕಾಟನ್ ಅವರ ತಲೆಯಲ್ಲಿ. ಹೊಳೆಯ ಒಂದು ದಂಡೆ ಮದ್ರಾಸ್ ಪ್ರಾಂತ್ಯದ್ದು, ಇನ್ನೊಂದು ದಂಡೆ ನಿಜಾಮರದು. ಹಾಗಾಗಿ ಮಾತುಕತೆಯಲ್ಲೇ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆಯಿತು. ಕಡೆಗೆ 1945ರ ಫೆಬ್ರವರಿ 28ರಂದು ಒಂದು ದಂಡೆಯಲ್ಲಿ ನಿಜಾಮರ ಮಗ, ಬೀರಾರಿನ ರಾಜಕುಮಾರ ಆಜಂ ಜಾಹ್, ಇನ್ನೊಂದು ದಂಡೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಅಡಿಗಲ್ಲು ಹಾಕಿದರು. ಕೆಲಸ ನಡೆಯುತ್ತಿದ್ದಾಗಲೇ ದೇಶ ಸ್ವತಂತ್ರವಾಯಿತು, 1948ರಲ್ಲಿ ಹೈದರಾಬಾದ್ ಸಂಸ್ಥಾನ ವಿಲೀನಗೊಂಡಿತು. 1953ರಲ್ಲಿ ಕಾಲುವೆಗೆ ನೀರು ಬಂತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯ ಸೇರಿದಾಗ ಎಡದಂಡೆ ಕಾಲುವೆಯೂ ಜೊತೆಗೇ ಬಂತು.

ಆ ಎಡದಂಡೆ ಕಾಲುವೆಯ ಉದ್ದ 141 ಮೈಲು, ಅಂದರೆ 227 ಕಿಲೋಮೀಟರ್. ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರಿನ ಕಡೆ ಸಾಗುತ್ತದೆ. ಅದರ ಅಡಿ ಸುಮಾರು ಆರು ಲಕ್ಷ ಎಕರೆ. ಇಷ್ಟು ಉದ್ದದ ಕಾಲುವೆಯನ್ನು ಯಾಕೆ ಎಳೆದರು ಎಂದು ತಿಳಿಯದೆ ಟೇಲೆಂಡಿನ ಸಂಕಟ ಅರ್ಥವಾಗದು. ಭತ್ತದ ಗದ್ದೆ ಮಾಡಿಸುವುದು ಯೋಜನೆಯ ಉದ್ದೇಶವಾಗಿರಲಿಲ್ಲ, ಬರ ತಡೆಯುವುದು ಉದ್ದೇಶವಾಗಿತ್ತು. ಇರುವ ನೀರನ್ನು ಆದಷ್ಟು ಹೆಚ್ಚು ಊರುಗಳಿಗೆ ತೆಳುವಾಗಿ ಹಂಚಬೇಕು, ಜೋಳ, ಹತ್ತಿ, ಶೇಂಗಾ ಒಣಗುವ ಹೊತ್ತಿಗೆ ನಾಲ್ಕು ಸಲ ನೀರು ಸಿಕ್ಕರೆ ಸಾಕು ಎಂಬ ಲೆಕ್ಕ. ಅದಕ್ಕಾಗಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಮೊದಲೇ ಗೊತ್ತು ಮಾಡಿದರು. ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು. ರಾಯಚೂರಿನ ರೈತರು ಇಂದಿಗೂ ಹೇಳುವ ‘ಲೋಕಲೈಸೇಶನ್’ ಎಂದರೆ ಇದೇ. ಕಾಗದದ ಮೇಲೆ ಮೊದಲ ಮೈಲಿನ ರೈತನಿಗೂ ಕೊನೆಯ ಮೈಲಿನ ರೈತನಿಗೂ ಹಕ್ಕು ಸಮ.

ಕಾಗದ ಕೆಟ್ಟದ್ದಲ್ಲ. ಅದು ನೆಲಕ್ಕೆ ಇಳಿದ ಕ್ರಮ ಕೆಟ್ಟಿತು. ಕಾಲುವೆಯ ಮೇಲ್ಭಾಗದಲ್ಲಿ 1953ರಲ್ಲೇ ನೀರು ಹರಿಯಿತು. ಕೆಳಭಾಗದ ಕಾಮಗಾರಿ 1960ರ ದಶಕಕ್ಕೂ ಎಳೆಯಿತು. ನಡುವಿನ ವರ್ಷಗಳಲ್ಲಿ ಮೇಲೆ ಹರಿದ ನೀರಿಗೆ ಕೆಳಗಿನ ಪಾಲುದಾರರೇ ಇರಲಿಲ್ಲ. ಎಷ್ಟು ಬೇಕಾದರೂ ಬಳಸಬಹುದಿತ್ತು. ಆ ಹೊತ್ತಿಗೆ ಕೃಷ್ಣಾ, ಗೋದಾವರಿ ಮುಖಜಭೂಮಿಯಿಂದ ತೆಲುಗು ರೈತರು ಬಂದು ಎರೆಹೊಲ ಕೊಂಡರು, ಏರುತಗ್ಗು ಕಡಿದು ಮಟ್ಟ ಮಾಡಿದರು, ಬದು ಕಟ್ಟಿ ಭತ್ತ ನಾಟಿ ಮಾಡಿದರು. ಅವರು ನೆಲೆ ನಿಂತ ಜಾಗಗಳೇ ಇಂದಿನ ‘ಕ್ಯಾಂಪ್’ಗಳು. ಇಂಗ್ಲಿಷಿನ ಇನ್ನೊಂದು ಪದ ಹೀಗೆ ಊರ ಹೆಸರಿನ ಬಾಲಂಗೋಚಿಯಾಗಿ ಶಾಶ್ವತವಾಯಿತು. ಅವರು ಪಟ್ಟ ಶ್ರಮ ದೊಡ್ಡದು. ಗಂಗಾವತಿ, ಕಾರಟಗಿ, ಸಿಂಧನೂರು ಭತ್ತದ ಕಣಜ ಎನಿಸಿದ್ದು, ಸೋನಾ ಮಸೂರಿ ಅಕ್ಕಿಯ ಗಿರಣಿಗಳು ಎದ್ದು ನಿಂತದ್ದು ಆ ದುಡಿಮೆಯಿಂದ. ಅವರನ್ನು ನೋಡಿ ಸ್ಥಳೀಯ ರೈತರೂ ಜೋಳ ಬಿಟ್ಟು ಭತ್ತಕ್ಕೆ ಇಳಿದರು. ಜೋಳಕ್ಕೆಂದು ಗೊತ್ತು ಮಾಡಿದ ಸರ್ವೆ ನಂಬರುಗಳಲ್ಲೂ ನೀರು ನಿಂತಿತು, ವರ್ಷಕ್ಕೆ ಒಂದು ಬೆಳೆಯ ಜಾಗದಲ್ಲಿ ಎರಡಾಯಿತು. ನಿಯಮ ಹೇಳಬೇಕಾದ ಸರ್ಕಾರ ಸುಮ್ಮನಿತ್ತು. ಕೆಳಭಾಗದ ಕಾಲುವೆ ಸಿದ್ಧವಾಗಿ ಮಾನ್ವಿ, ರಾಯಚೂರಿನವರು ತಮ್ಮ ಪಾಲು ಕೇಳಲು ಬಂದಾಗ ಮೇಲಿನ ಬೇಸಾಯ ಆಗಲೇ ಬೇರೂರಿತ್ತು.

ನೀರು ಹೇಗೆ ಕರಗುತ್ತದೆ ಎಂಬುದನ್ನು ಒಂದು ಉಪಕಾಲುವೆಯ ದಂಡೆಯ ಮೇಲೆ ನಡೆದರೆ ಕಣ್ಣಾರೆ ಕಾಣಬಹುದು. ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆ. ಜನ ಅದನ್ನು ‘ಡಿಸ್ಟ್ರಿಬ್ಯೂಟರ್’ ಎಂದು ಕರೆದು ನಂಬರಿನಿಂದ ಗುರುತಿಸುತ್ತಾರೆ. ಅದರ ದಂಡೆಯಲ್ಲಿ ಅಲ್ಲಲ್ಲಿ ತೂಬು, ತೂಬಿನೊಳಗೆ ಸಿಮೆಂಟ್ ಪೈಪು. ಪೈಪಿನ ಬಾಯಿ ಎಷ್ಟು ಅಗಲ, ಎಷ್ಟು ಎತ್ತರದಲ್ಲಿ ಎಂಬುದರ ಮೇಲೆ ಅದರ ಕೆಳಗಿನ ಎಕರೆಗಳ ಪಾಲು ನಿರ್ಧಾರವಾಗುತ್ತದೆ. ಮೇಲಿನ ರೈತ ಪೈಪಿನ ಮುಂದೆ ಕಾಲುವೆಗೆ ಅಡ್ಡಲಾಗಿ ಕಲ್ಲು, ಮುಳ್ಳಿನ ಕಂಟಿ, ಮಣ್ಣಿನ ಚೀಲ ಒಟ್ಟಿದರೆ ಸಾಕು, ನೀರಿನ ಮಟ್ಟ ಏರಿ ಅವನ ತೂಬಿಗೆ ಹೆಚ್ಚು ನೀರು ನುಗ್ಗುತ್ತದೆ. ಇಲ್ಲವೇ ತೂಬಿನ ಬಾಗಿಲನ್ನೇ ಕಿತ್ತು ಹಾಕುತ್ತಾನೆ. ಇಲ್ಲವೇ ದಂಡೆಯ ಮೇಲೆ ಮೋಟಾರು ಇಟ್ಟು, ಅಚ್ಚುಕಟ್ಟಿಗೆ ಸೇರದ ಎತ್ತರದ ಹೊಲಕ್ಕೂ ಎತ್ತುತ್ತಾನೆ. ಒಬ್ಬೊಬ್ಬರದೂ ಸಣ್ಣ ಪಾಲೇ. ಅಂಥ ನೂರಾರು ತೂಬುಗಳನ್ನು ದಾಟಿ ಬರುವಾಗ ಕೊನೆಯ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲೆಯೇ ಉಳಿದುಬಿಡುತ್ತದೆ. ಅಲ್ಲಿ ಹೊಲಗಾಲುವೆಯಲ್ಲಿ ಜಾಲಿ ಬೆಳೆದಿರುತ್ತದೆ.

ಟೇಲೆಂಡಿನವರ ರಾತ್ರಿಗಳು ಇದರಿಂದಲೇ ಹುಟ್ಟಿದವು. ನಾಟಿಯ ಹೊತ್ತಿನಲ್ಲಿ ಊರಿನ ಹತ್ತು ಹದಿನೈದು ಮಂದಿ ಟ್ರ್ಯಾಕ್ಟರ್ ಹತ್ತಿ ಮೇಲಕ್ಕೆ ಹೋಗುತ್ತಾರೆ. ತೂಬುಗಳನ್ನು ಒಂದೊಂದಾಗಿ ಮುಚ್ಚಿಕೊಂಡು ಬರುತ್ತಾರೆ, ಮುಚ್ಚಿದ್ದನ್ನು ಮತ್ತೆ ಯಾರೂ ತೆರೆಯದಂತೆ ದಂಡೆಯ ಮೇಲೆಯೇ ಕಾವಲು ಮಲಗುತ್ತಾರೆ. ಒಮ್ಮೊಮ್ಮೆ ಮಾತಿನಲ್ಲಿ ಮುಗಿಯುತ್ತದೆ, ಒಮ್ಮೊಮ್ಮೆ ಕೈಗೆ ಹತ್ತುತ್ತದೆ. ಜಿಲ್ಲಾಡಳಿತ ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಹಾಕುವುದು, ಪೊಲೀಸರೂ ಗ್ಯಾಂಗ್‌ಮನ್‌ಗಳೂ ಗಸ್ತು ತಿರುಗುವುದು, ಮೋಟಾರು ಪೈಪು ತೆರವು ಮಾಡಿಸುವುದು ಇಲ್ಲಿ ಹಂಗಾಮಿನ ಕೆಲಸಗಳಾಗಿ ಹೋಗಿವೆ.

ಈ ಹೋರಾಟದ ಅಳತೆಗೋಲು ಮೈಲುಗಲ್ಲು. ದೇಶ ಮೈಲು ಬಿಟ್ಟು ಕಿಲೋಮೀಟರಿಗೆ ಬಂದು ಅರವತ್ತು ವರ್ಷ ದಾಟಿದರೂ ಎಡದಂಡೆ ಕಾಲುವೆಯ ಲೆಕ್ಕ ಮೈಲಿನಲ್ಲೇ ಇದೆ. 47ನೇ ಮೈಲು, 69ನೇ ಮೈಲು, 104ನೇ ಮೈಲು: ಈ ಮೂರು ಅಂಕಿಗಳು ಇಲ್ಲಿಯ ರೈತ ಸಂಘದವರಿಗೆ ಬಾಯಿಪಾಠ. ಅಲ್ಲಿ ಕಾಲುವೆಯ ಗೋಡೆಗೆ ಅಡಿ, ಅಂಗುಲ ಬರೆದ ಗೇಜ್ ಇದೆ. 69ನೇ ಮೈಲಿನಲ್ಲಿ ಇಷ್ಟು ಅಡಿ ನೀರಿದ್ದರೆ ಮಾನ್ವಿ, ಸಿರವಾರಕ್ಕೆ ಸಾಗುತ್ತದೆ, 104ರಲ್ಲಿ ಇಷ್ಟಿದ್ದರೆ ರಾಯಚೂರು ತಾಲ್ಲೂಕಿಗೆ ಸಾಗುತ್ತದೆ. ರಸ್ತೆ ತಡೆದು ಕುಳಿತ ರೈತರು ಮನವಿ ಪತ್ರದಲ್ಲಿ ಬರೆಯುವುದೂ ಅದನ್ನೇ: ಗೇಜ್ ಕಾಯ್ದುಕೊಳ್ಳಿ. 104ನೇ ಮೈಲೆಂದರೆ ಅಣೆಕಟ್ಟಿನಿಂದ ಸುಮಾರು 167 ಕಿಲೋಮೀಟರ್ ದೂರ. ಅದರಾಚೆಗೂ ಕಾಲುವೆ 37 ಮೈಲು ಹೋಗಬೇಕು.

ಟೇಲೆಂಡ್ ಎಂಬ ಮಾತು ಇಷ್ಟರೊಳಗೆ ಅರ್ಥ ಬದಲಿಸಿತ್ತು. ನಕಾಶೆಯಲ್ಲಿ ಅದು ಒಂದು ಬಿಂದು. ಇಲಾಖೆಯ ಕಡತದಲ್ಲಿ ‘ಟೇಲೆಂಡ್ ಗ್ರಾಮ’ ಎಂಬ ವರ್ಗವಾಯಿತು. ಊರವರ ಬಾಯಲ್ಲಿ ಅದೇ ದೂರಾಯಿತು, ಕೊನೆಗೆ ಹಕ್ಕಿನ ಮಾತೂ ಆಯಿತು. ‘ಟೇಲೆಂಡ್ ರೈತರಿಗೆ ನೀರು ಕೊಡಿ’ ಎಂಬ ಘೋಷಣೆಯಲ್ಲಿ ‘ನಮ್ಮ ಪಾಲು ಮೇಲೆ ಯಾರೋ ತಿಂದಿದ್ದಾರೆ’ ಎಂಬ ಆರೋಪವೂ ಅಡಗಿದೆ. ಪತ್ರಿಕೆಗಳು ‘ಕೆಳಭಾಗದ ರೈತರು’, ‘ಕೊನೆ ಭಾಗದ ರೈತರು’ ಎಂದು ಬರೆಯುತ್ತವೆ. ಭದ್ರಾ ಕಾಲುವೆಯ ದಾವಣಗೆರೆ ಸೀಮೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಮಂಡ್ಯದ ಕಡೆಯೂ ಇದೇ ಕೂಗಿದೆ. ಈಚೆಗೆ ಮಾತಿನ ವ್ಯಾಪ್ತಿ ಇನ್ನೂ ಹಿಗ್ಗಿ, ವಿದ್ಯುತ್ ತಂತಿಯ ಕೊನೆಯ ಮನೆಯ ಮಂಕು ಬಲ್ಬಿಗೂ ನಳದಲ್ಲಿ ನೀರೇರದ ಓಣಿಗೂ ಜನ ಇದೇ ಮಾತು ಬಳಸುತ್ತಾರೆ.

ವಿದ್ವಾಂಸರೂ ಈ ಕಾಲುವೆಯನ್ನು ಬಿಡಲಿಲ್ಲ. ನೆದರ್ಲೆಂಡ್ಸ್‌ನ ಪೀಟರ್ ಮೊಲಿಂಗಾ ತುಂಗಭದ್ರಾ ಎಡದಂಡೆಯ ಊರುಗಳಲ್ಲಿ ಇದ್ದು ಅಧ್ಯಯನ ಮಾಡಿ ‘ಆನ್ ದಿ ವಾಟರ್‌ಫ್ರಂಟ್’ ಎಂಬ ಗ್ರಂಥ ಬರೆದರು. ನೀರಿನ ಹಂಚಿಕೆ ಎಂಜಿನಿಯರಿಂಗ್ ಅಷ್ಟೇ ಅಲ್ಲ, ಊರಿನ ಬಲಾಬಲವೂ ಶಾಸಕರ ಮಾತೂ ತೂಬಿನ ಅಳತೆಯನ್ನು ಬದಲಿಸುತ್ತವೆ ಎಂದು ಅದು ತೋರಿಸಿಕೊಟ್ಟಿತು. ಹೊಳೆಯಾಚೆಯ ಕರ್ನೂಲು ಸೀಮೆಯಲ್ಲಿ ರಾಬರ್ಟ್ ವೇಡ್ ಮಾಡಿದ ಅಧ್ಯಯನ ‘ವಿಲೇಜ್ ರಿಪಬ್ಲಿಕ್ಸ್’ 1988ರಲ್ಲಿ ಪ್ರಕಟವಾಯಿತು. ಅವರು ಕಂಡದ್ದು ಇನ್ನೂ ಸ್ವಾರಸ್ಯದ ಸಂಗತಿ. ಕಾಲುವೆಯ ಕೊನೆಯ ಊರುಗಳಲ್ಲೇ ಜನ ಒಗ್ಗೂಡಿ, ಊರ ನಿಧಿ ಮಾಡಿ, ನೀರು ಹಾಯಿಸಲು ಸಂಬಳದ ಆಳು ನೇಮಿಸಿಕೊಂಡಿದ್ದರು. ನೀರು ಧಾರಾಳವಿದ್ದ ಮೇಲಿನ ಊರುಗಳಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಕೊನೆಯಲ್ಲಿರುವವರು ಕೈಲಾಗದವರು ಎಂಬ ಭಾವನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಮೇಲಕ್ಕೆ ಟ್ರ್ಯಾಕ್ಟರ್ ಹತ್ತಿ ಹೋಗುವ ಮಾನ್ವಿಯ ರೈತರೂ ಅದನ್ನೇ ಮಾಡುತ್ತಿದ್ದಾರೆ.

ಇದೇ ಜಿಲ್ಲೆಯ ದೇವದುರ್ಗದ ಕಥೆ ಬೇರೆ ಹೊಳೆಯದು. ತಾಲ್ಲೂಕಿನ ಅಂಚಿನಲ್ಲೇ ಕೃಷ್ಣೆ ಹರಿಯುತ್ತಾಳೆ, ಕೊಪ್ಪರ, ಗೂಗಲ್ ಹೊಳೆದಂಡೆಯ ಊರುಗಳು. ಹಾಗಿದ್ದರೂ ಒಳಗಿನ ಹಳ್ಳಿಗಳು ಬಹುಕಾಲ ಮಳೆಗೇ ಬಿದ್ದಿದ್ದವು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿಯಿತು. ಅಲ್ಲಿಂದ ಹೊರಡುವ 95 ಕಿಲೋಮೀಟರ್ ಬಲದಂಡೆ ಕಾಲುವೆ ಲಿಂಗಸುಗೂರು ದಾಟಿ ದೇವದುರ್ಗಕ್ಕೆ ಬರಲು ಅದರ ಮೇಲೂ ವರ್ಷಗಳು ಹಿಡಿದವು. ಕಾಲುವೆ ಬಂದ ಮೇಲೆ ಮೆಣಸಿನಕಾಯಿ, ಹತ್ತಿ, ಭತ್ತ ಬಂದವು. ಟೇಲೆಂಡ್ ಎಂಬ ಮಾತೂ ಜೊತೆಗೇ ಬಂತು. ಅದರ ಬೆನ್ನಿಗೆ ‘ಆನ್ ಅಂಡ್ ಆಫ್’ ಎಂಬ ಇನ್ನೊಂದು ಇಂಗ್ಲಿಷ್ ಮಾತು ಮನೆಮಾತಾಯಿತು. ಕಾಲುವೆಗೆ ಇಷ್ಟು ದಿನ ನೀರು ಬಿಟ್ಟು, ಇಷ್ಟು ದಿನ ನಿಲ್ಲಿಸುವ ಸರದಿಗೆ ಆ ಹೆಸರು. ‘ಆನ್’ ಆದ ನೀರು ಕೊನೆಯ ಹೊಲ ಮುಟ್ಟುವ ಹೊತ್ತಿಗೆ ಮೇಲೆ ‘ಆಫ್’ ಆಗಿರುತ್ತದೆ ಎಂಬುದು ಅಲ್ಲಿಯವರ ಹಳೆಯ ದೂರು.

ಕಾಲುವೆಯ ಕೊನೆಯಲ್ಲಾದರೂ ಇರುವುದು ಭಾಗ್ಯ ಎನ್ನುವವರೂ ಇದೇ ಜಿಲ್ಲೆಯಲ್ಲಿದ್ದಾರೆ. ತುಂಗಭದ್ರೆಯ ಎಡದಂಡೆಗೂ ನಾರಾಯಣಪುರದ ಬಲದಂಡೆಗೂ ನಡುವೆ ಸಿಕ್ಕಿ ಎರಡೂ ಕಡೆಯ ನೀರು ತಪ್ಪಿದ ಊರುಗಳು ಮಸ್ಕಿ ಸೀಮೆಯಲ್ಲಿವೆ. ‘5ಎ’ ಎಂಬ ಕಾಲುವೆ ತೋಡಿಸಿರೆಂದು ಪಾಮನಕಲ್ಲೂರಿನಲ್ಲಿ 2020ರ ಕೊನೆಗೆ ಶುರುವಾದ ಧರಣಿ ನೂರು ದಿನ ದಾಟಿ, ಮರುವರ್ಷದ ಉಪಚುನಾವಣೆಯ ಮುಖ್ಯ ವಿಷಯವಾಯಿತು. ನೀರಿಲ್ಲದ ವರ್ಷ ದೇವದುರ್ಗ, ಮಾನ್ವಿ, ಮಸ್ಕಿಯ ಕುಟುಂಬಗಳು ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಅಲ್ಲಿ ಗಾರೆ ಕಲಸುವ ಕೈಗಳಲ್ಲಿ ಎಷ್ಟೋ ಕೈಗಳು ಸರ್ಕಾರದ ದಾಖಲೆಯ ಪ್ರಕಾರ ನೀರಾವರಿ ಜಮೀನಿನ ಒಡೆಯರವು.

ರಾಯಚೂರು ನಗರವೂ ಈ ಲೆಕ್ಕದಿಂದ ಹೊರಗಿಲ್ಲ. ನಗರದ ಕುಡಿಯುವ ನೀರಿನ ಒಂದು ಪಾಲು ಕೃಷ್ಣೆಯಿಂದ ಬಂದರೆ ಇನ್ನೊಂದು ಪಾಲು ರಾಂಪುರ ಜಲಾಶಯದಿಂದ. ರಾಂಪುರ ತುಂಬಬೇಕಾದರೆ ಎಡದಂಡೆಯ ನೀರು ಕೊನೆಯವರೆಗೆ ಬರಬೇಕು. ಕಾಲುವೆ ನಿಲ್ಲಿಸುವ ಮುನ್ನ ಗಣೇಕಲ್ ಮತ್ತು ರಾಂಪುರ ಜಲಾಶಯಗಳನ್ನು ತುಂಬಿಸಿಕೊಳ್ಳಲು ಪ್ರತಿ ಬೇಸಿಗೆಯಲ್ಲಿ ಅಧಿಕಾರಿಗಳು ಓಡಾಡುವುದು ಅದಕ್ಕೇ. ಕೋಟೆಯ ಸುತ್ತಲಿನ ಮನೆಗಳ ನಳವೂ ಆ ದಿನಗಳಲ್ಲಿ ಟೇಲೆಂಡೇ.

ಮುಂದಿನ ದಿನಗಳು ಸಲೀಸಾಗಿಲ್ಲ. ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟ ತುಂಬಲೆಂದು ಹೇಳುವ ನವಲಿ ಸಮತೋಲನ ಜಲಾಶಯ ವರ್ಷಗಳಿಂದ ಪ್ರಸ್ತಾವದಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಮೊದಲು ಎದೆ ಒಡೆದುಕೊಂಡವರು ಕೆಳಭಾಗದವರು. ತುಂಬಿದ ಜಲಾಶಯದಲ್ಲೇ ಪಾಲು ಸಿಗದವರಿಗೆ ಖಾಲಿ ಜಲಾಶಯದಲ್ಲಿ ಏನು ಸಿಕ್ಕೀತು? ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಡೆಗೇಟು ಇಳಿಸಿದರು, ಮಳೆಯೂ ಕೈಹಿಡಿಯಿತು, ಆ ವರ್ಷ ಬದುಕಿಕೊಂಡಿತು. ಅದೇ ವರ್ಷ ವಿಧಾನಮಂಡಲ 1965ರ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಹೆಚ್ಚಿಸಿತು. ಕೊನೆ ಭಾಗದ ರೈತರಿಗೆ ನೀರು ಮುಟ್ಟಿಸುವುದೇ ಅದರ ಉದ್ದೇಶವೆಂದು ಸರ್ಕಾರ ಹೇಳಿತು.

ಕಾಯ್ದೆಗಿಂತ ಮೊದಲು ಆಗಬೇಕಾದ ಒಂದು ಸಣ್ಣ ಕೆಲಸವಿದೆ. ನೀರಾವರಿ ಸಲಹಾ ಸಮಿತಿ ಪ್ರತಿ ಹಂಗಾಮಿಗೆ ಸಭೆ ಸೇರಿ, ಎಡದಂಡೆಗೆ ಇಷ್ಟು ಕ್ಯೂಸೆಕ್ ಎಂದು ಅಣೆಕಟ್ಟಿನ ಬಾಯಿಯ ಲೆಕ್ಕ ಹೇಳುತ್ತದೆ. ಮಾನ್ವಿ, ರಾಯಚೂರಿನ ರೈತನಿಗೆ ಆ ಅಂಕಿಯಿಂದ ಏನೂ ಆಗಬೇಕಾದ್ದಿಲ್ಲ. 47, 69 ಮತ್ತು 104ನೇ ಮೈಲಿನ ಗೇಜ್ ಎಷ್ಟಿರಬೇಕೆಂದು ಅದೇ ಸಭೆಯಲ್ಲಿ ನಿರ್ಣಯವಾಗಲಿ. ದಿನವೂ ಬೆಳಿಗ್ಗೆ ಆ ಮೂರು ಅಳತೆಗಳನ್ನು ಕಾಲುವೆ ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ. ಗೇಜ್ ಇಳಿದ ದಿನ ಯಾವ ಎಂಜಿನಿಯರ್ ಉತ್ತರ ಕೊಡಬೇಕೆಂಬುದೂ ಅದರ ಪಕ್ಕದಲ್ಲೇ ಇರಲಿ.